ಪ್ರಜಾಪ್ರತಿನಿಧಿ ಸಭೆಯಿಂದ ಲೋಕಾಯುಕ್ತದವರೆಗೆ: ಶಾಸಕರ ಸಹಕಾರದ ಕೆಲವು ಘಟ್ಟಗಳು

ಮೈಸೂರಿನ ಮಂಡಿ ಮೊಹಲ್ಲಾ, ಹೆಸರೇ ಸೂಚಿಸುವಂತೆ, ಸಗಟು ವ್ಯಾಪಾರದ ನೆಲೆ. ಅಲ್ಲಿಂದ ಅನತಿ ದೂರದಲ್ಲಿ ದಿವಾನ್ ಸಿ. ರಂಗಾಚಾರ್ಲು ಅವರ ಸ್ಮಾರಕವಾದ ಪುರಭವನವಿದೆ. 1881ರಲ್ಲಿ ಅವರು ಕರೆದ ಪ್ರಜಾಪ್ರತಿನಿಧಿ ಸಭೆಗೆ ಭೂಹಿಡುವಳಿದಾರರ ಜೊತೆಗೆ ವರ್ತಕರಿಗೂ ಆಹ್ವಾನವಿದ್ದಿತೆಂಬುದನ್ನು ನೆನೆದರೆ ಈ ಸಾಮೀಪ್ಯವು ಅರ್ಥವತ್ತಾಗಿಯೇ ತೋರುತ್ತದೆ. ಕಚೇರಿಯ ಸಿಬ್ಬಂದಿಯ ಕೈ ಬೆಚ್ಚಗೆ ಮಾಡದೆ ಕೆಲಸ ಸಾಗದೆಂಬ ದೂರು ಮಂಡಿಯ ವರ್ತಕನಿಗೂ ಹಳ್ಳಿಯ ರೈತನಿಗೂ ಸಮಾನವಾದುದು. ಬೇರೆ ಬೇರೆ ಸೀಮೆಗಳ ಪ್ರತಿನಿಧಿಗಳು ಒಟ್ಟುಗೂಡಿ ಇಂತಹ ದೂರಿಗೆ ಪರಿಹಾರವನ್ನು ಹುಡುಕಿದ ಬಗೆಯನ್ನೂ, ಆ ಸಹಕಾರವು ಎಲ್ಲಿ ತಡೆದು ನಿಂತಿತೆಂಬುದನ್ನೂ ನಾವು ಇಲ್ಲಿ ವಿಚಾರಿಸುತ್ತೇವೆ.

1881ರ ಅಕ್ಟೋಬರ್ 7ರಂದು ಸೇರಿದ ಮೊದಲ ಸಭೆಯಲ್ಲಿ 144 ಸದಸ್ಯರಿದ್ದರು. ಅವರಿಗೆ ಶಾಸನ ಮಾಡುವ ಅಧಿಕಾರವಿರಲಿಲ್ಲ. ಆಯವ್ಯಯದ ಮೇಲೆ ಮತವೂ ಇರಲಿಲ್ಲ. ದಸರೆಯ ಸಮಯದಲ್ಲಿ ದಿವಾನರ ವರದಿಯನ್ನು ಕೇಳಿ, ತಮ್ಮ ತಾಲ್ಲೂಕಿನ ಕುಂದುಕೊರತೆಗಳನ್ನು ನಿವೇದಿಸಿಕೊಳ್ಳುವುದಷ್ಟೇ ಅವರ ಕೆಲಸ. ಇದನ್ನು ಕೇವಲ ದರ್ಬಾರಿನ ಅಲಂಕಾರವೆಂದು ತಳ್ಳಿಹಾಕುವುದು ನಮಗೆ ಸರಿಯೆನಿಸುವುದಿಲ್ಲ. ಅಮಲ್ದಾರನ ಕಚೇರಿಯಲ್ಲೇ ಅಡಗಿಹೋಗಬಹುದಾಗಿದ್ದ ದೂರೊಂದು ದಿವಾನರ ಸಮ್ಮುಖದಲ್ಲಿ ಕೇಳಿಬರುವಾಗ, ದೂರದ ಮತ್ತೊಂದು ತಾಲ್ಲೂಕಿನವನು ತನ್ನದೂ ಅದೇ ಕಥೆಯೆಂದು ಹೇಳಬಹುದಾಗಿತ್ತು. ಒಬ್ಬ ನೌಕರನ ಮೇಲಿನ ಆರೋಪವು ಆಗ ಒಂದು ಪದ್ಧತಿಯ ಮೇಲಿನ ಆರೋಪವಾಗುತ್ತದೆ. 1891ರಿಂದ ಸದಸ್ಯರ ಚುನಾವಣೆಗೆ ಅವಕಾಶವಾಯಿತು, ಮತದಾನದ ಹಕ್ಕು ಮಾತ್ರ ಉಳ್ಳವರಿಗಷ್ಟೇ. 1907ರಲ್ಲಿ ನ್ಯಾಯವಿಧಾಯಕ ಸಭೆ ಹುಟ್ಟಿತು. 1923ರಲ್ಲಿ ಪ್ರಜಾಪ್ರತಿನಿಧಿ ಸಭೆಗೆ ಕಾನೂನಿನ ಆಧಾರ ದೊರೆಯಿತು.

ಆದರೆ ಒಂದು ಸಂಗತಿಯನ್ನು ಮರೆಯಲಾಗದು. ದಿವಾನರು ಹೊಣೆಯಾಗಿದ್ದುದು ಮಹಾರಾಜರಿಗೇ ಹೊರತು ಸಭೆಗಲ್ಲ. ಪ್ರತಿನಿಧಿಗಳು ದೂರುವವರು, ಅಧಿಕಾರಿಗಳು ದೂರಿಗೆ ಗುರಿಯಾದವರು. ಅಧಿಕಾರವೇ ಇಲ್ಲದ ಪ್ರತಿನಿಧಿಗಳಿಗೆ ಒಗ್ಗಟ್ಟು ಸುಲಭವಾಗಿತ್ತು.

1956ರ ನವೆಂಬರ್ 1ರ ವೇಳೆಗೆ ಸ್ಥಿತಿ ಬೇರೆಯಾಗಿದ್ದಿತು. ಹಳೆಯ ಮೈಸೂರು, ಕೊಡಗು, ಮುಂಬಯಿ, ಹೈದರಾಬಾದು, ಮದರಾಸು ಈ ಐದು ಆಡಳಿತಗಳಡಿಯಲ್ಲಿ ಬೆಳೆದವರು ಬೆಂಗಳೂರಿನ ಒಂದೇ ವಿಧಾನಮಂಡಲದಲ್ಲಿ ಕುಳಿತರು. ಕಂದಾಯದ ಪದ್ಧತಿ ಬೇರೆ, ಕಚೇರಿಯ ಭಾಷೆ ಬೇರೆ. ಈಗ ಮಂತ್ರಿಗಳೂ ಶಾಸಕರ ನಡುವಿನಿಂದಲೇ ಬರುತ್ತಿದ್ದುದರಿಂದ ದೂರು ಹೊರಗಿನವನ ಮೇಲೆ ಮಾತ್ರವಲ್ಲ, ಪಕ್ಕದ ಪೀಠದವನ ಮೇಲೂ ಬರಬಹುದಾಗಿತ್ತು.

ಈ ತೊಡಕನ್ನು ನೇರವಾಗಿ ಎದುರಿಸಿದ್ದು 1962ರಲ್ಲಿ ನೇಮಕವಾದ ಕೆ. ಸಂತಾನಂ ಸಮಿತಿ. ಅದರ 1964ರ ವರದಿಯಿಂದ ಕೇಂದ್ರ ಜಾಗೃತ ಆಯೋಗ ಹುಟ್ಟಿತೆಂಬುದನ್ನು ಎಲ್ಲರೂ ಬಲ್ಲರು. ನಮ್ಮ ದೃಷ್ಟಿಯಲ್ಲಿ ಅದಕ್ಕಿಂತ ಮುಖ್ಯವಾದ ಸಲಹೆ ಇನ್ನೊಂದಿದೆ. ಸಂಸತ್ತಿನ ಇಲ್ಲವೇ ರಾಜ್ಯ ಶಾಸನಸಭೆಯ ಹತ್ತು ಮಂದಿ ಸದಸ್ಯರು ರುಜು ಹಾಕಿ, ಮಂತ್ರಿಯೊಬ್ಬರ ಮೇಲಿನ ಆರೋಪವನ್ನು ಸಭಾಧ್ಯಕ್ಷರ ಮೂಲಕ ಪ್ರಧಾನಿಗೋ ಮುಖ್ಯಮಂತ್ರಿಗೋ ಸಲ್ಲಿಸಿದರೆ, ಅದನ್ನು ತನಿಖೆಗೆ ಒಪ್ಪಿಸುವುದು ಕಡ್ಡಾಯದ ಸಂಪ್ರದಾಯವಾಗಬೇಕು ಎಂಬುದದು. ಒಬ್ಬನ ದ್ವೇಷಕ್ಕೆ ಎಡೆಗೊಡದಷ್ಟು ದೊಡ್ಡದು ಈ ಸಂಖ್ಯೆ. ಸಣ್ಣ ವಿರೋಧ ಪಕ್ಷಗಳು ಕೂಡಿ ಮುಟ್ಟಬಹುದಾದಷ್ಟು ಚಿಕ್ಕದು. ಸರಕಾರವು ಈ ಕ್ರಮವನ್ನು ಕೈಕೊಳ್ಳಲಿಲ್ಲ. ಅದೇ ವರ್ಷ ಹೊರಬಂದ ಮಂತ್ರಿಗಳ ನಡವಳಿಕೆಯ ಸಂಹಿತೆಯು ಪ್ರಧಾನಿ, ಮುಖ್ಯಮಂತ್ರಿಗಳ ವಿವೇಚನೆಗೇ ಬಹುಪಾಲನ್ನು ಬಿಟ್ಟಿತು.

ಬಳಿಕ ಹಾದಿ ಬೇರೆ ದಿಕ್ಕಿಗೆ ತಿರುಗಿತು. ಮೊರಾರ್ಜಿ ದೇಸಾಯಿಯವರ ಅಧ್ಯಕ್ಷತೆಯ ಆಡಳಿತ ಸುಧಾರಣಾ ಆಯೋಗವು 1966ರಲ್ಲಿ ಲೋಕಪಾಲ, ಲೋಕಾಯುಕ್ತ ಪದವಿಗಳನ್ನು ಸೂಚಿಸಿತು. ಮರುವರ್ಷ ಆಯೋಗದ ಅಧ್ಯಕ್ಷತೆಯನ್ನು ವಹಿಸಿದವರು ನಮ್ಮವರೇ ಆದ ಕೆ. ಹನುಮಂತಯ್ಯನವರು. ಕರ್ನಾಟಕದ ಲೋಕಾಯುಕ್ತ ಕಾಯಿದೆ ಬಂದುದು 1984ರಲ್ಲಿ. ಅದರ ಮೇರೆಗೆ ಮುಖ್ಯಮಂತ್ರಿಗಳು ಉಚ್ಚ ನ್ಯಾಯಾಲಯದ ಮುಖ್ಯ ನ್ಯಾಯಾಧೀಶರೊಡನೆಯೂ ಉಭಯ ಸದನಗಳ ಅಧ್ಯಕ್ಷರು ಹಾಗೂ ವಿರೋಧ ಪಕ್ಷದ ನಾಯಕರೊಡನೆಯೂ ಸಮಾಲೋಚಿಸಿ ಹೆಸರನ್ನು ಸೂಚಿಸಬೇಕು. ಶಾಸಕರ ಸಹಕಾರವು ಇಲ್ಲಿ ಆರೋಪ ಹೊರಿಸುವುದರಿಂದ ಹಿಂದೆ ಸರಿದು, ವಿಚಾರಿಸುವವನನ್ನು ಆರಿಸುವುದಕ್ಕೆ ಸೀಮಿತವಾಯಿತೆಂಬುದು ನಮ್ಮ ಅಭಿಪ್ರಾಯ. 2016ರಲ್ಲಿ ಸರಕಾರವು ಭ್ರಷ್ಟಾಚಾರ ನಿಗ್ರಹ ದಳವನ್ನು ಬೇರೆಯಾಗಿ ರಚಿಸಿದಾಗ ಅದನ್ನು 2022ರಲ್ಲಿ ರದ್ದುಪಡಿಸಿದುದೂ ಉಚ್ಚ ನ್ಯಾಯಾಲಯವೇ ಹೊರತು ಸದನವಲ್ಲ.

ರಾಜ್ಯದ ಎಲ್ಲೆಯನ್ನು ಮೀರಿದ ಸಹಕಾರವಂತೂ ಇನ್ನೂ ವಿರಳ. ಆಫ್ರಿಕದ ಸಂಸದರು ಲಂಚದ ವಿರುದ್ಧ 1999ರಲ್ಲಿ ಕಂಪಾಲದಲ್ಲಿ ಜಾಲವೊಂದನ್ನು ಕಟ್ಟಿದರು. 2002ರಲ್ಲಿ ಆಟವಾ ನಗರದಲ್ಲಿ ಜಗತ್ತಿನ ಸಂಸದರ ಸಂಘಟನೆಯೊಂದು ರೂಪುಗೊಂಡಿತು. ನಮ್ಮಲ್ಲಿ ಇದರ ಅಗತ್ಯವನ್ನು ಎತ್ತಿ ತೋರಿಸಿದ್ದು ಬಳ್ಳಾರಿಯ ಅದಿರು. ಲೋಕಾಯುಕ್ತ ಎನ್. ಸಂತೋಷ್ ಹೆಗ್ಡೆಯವರ 2011ರ ವರದಿಯು ಅಕ್ರಮ ಗಣಿಗಾರಿಕೆಯನ್ನು ವಿಸ್ತಾರವಾಗಿ ಬಯಲಿಗೆಳೆಯಿತು. ಗಣಿಗಳು ಕರ್ನಾಟಕ ಆಂಧ್ರಗಳ ಗಡಿಯನ್ನು ತಬ್ಬಿಕೊಂಡಿದ್ದುವು. ಗಡಿಯ ಗುರುತುಗಳೇ ವಿವಾದಕ್ಕೆ ಒಳಗಾಗಿದ್ದುವು. ಆ ಗಡಿಯನ್ನು ಅಳೆಯುವ ಕೆಲಸವು ಕೊನೆಗೆ ಸರ್ವೋಚ್ಚ ನ್ಯಾಯಾಲಯದ ಆದೇಶದಂತೆ ಭಾರತೀಯ ಸರ್ವೇಕ್ಷಣಾ ಇಲಾಖೆಯ ಪಾಲಿಗೆ ಬಂದಿತು.