ದೀಪದ ಮರಳುದಾರಿ

ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ೧೯೦೫ರಲ್ಲಿ ಬೆಂಗಳೂರಿನ ಬೀದಿದೀಪಗಳನ್ನು ಬೆಳಗಿತಷ್ಟೆ. ಆ ಕಾಲದ ಮೋಟಾರು ಗಾಡಿಯ ಮುಂದೀಪದಲ್ಲಿ ಮಾತ್ರ ಇನ್ನೂ ಬೆಂಕಿಯೇ ಉರಿಯುತ್ತಿತ್ತು. ಹಿತ್ತಾಳೆಯ ಪಾತ್ರೆಯೊಂದರಲ್ಲಿ ಕಾರ್ಬೈಡಿನ ಹರಳುಗಳನ್ನು ತುಂಬಿ, ಅದರ ಮೇಲೆ ನೀರು ಹನಿಹನಿಯಾಗಿ ಬೀಳುವಂತೆ ತಿರುಪನ್ನು ಸಡಿಲಿಸಿ, ಹುಟ್ಟಿದ ಅಸಿಟಲೀನ್ ಅನಿಲವು ರಬ್ಬರಿನ ಕೊಳವೆಯಲ್ಲಿ ಹರಿದು ದೀಪದ ಮೂತಿಗೆ ಬಂದ ತರುವಾಯ ಗಾಜಿನ ಬಾಗಿಲನ್ನು ತೆರೆದು ಕಡ್ಡಿ ಗೀಚಿ ಹಚ್ಚಬೇಕಾಗಿದ್ದ ಆ ದೀಪವು ಕೆಟ್ಟರೆ ಕೆಟ್ಟ ಕಾರಣವು ಕಣ್ಣಿಗೆ ಕಾಣುತ್ತಿತ್ತು, ಮೂಗಿಗೆ ತಿಳಿಯುತ್ತಿತ್ತು. ನೀರು ಮುಗಿದಿರಬೇಕು, ಕೊಳವೆ ಬಿರಿದಿರಬೇಕು, ಇಲ್ಲವೇ ಮೂತಿಯಲ್ಲಿ ಮಸಿ ಕಟ್ಟಿರಬೇಕು. ಬರಿಗಣ್ಣಿಗೆ ಕಾಣದ ದೋಷವೆಂಬುದು ಮೋಟಾರಿಗೆ ಬಂದದ್ದು ವಿದ್ಯುತ್ತಿನೊಡನೆ; ಅದನ್ನು ಹುಡುಕುವುದೇ ವೃತ್ತಿಯಾದ ಆಟೋ ಎಲೆಕ್ಟ್ರಿಷಿಯನ್ ಎಂಬ ಕುಶಲಕರ್ಮಿಯು ಹುಟ್ಟಿದ್ದೂ ಆಗಲೇ.

ವಿದ್ಯುದ್ದೀಪವು ಗಾಡಿಯನ್ನೇರಲು ತಡವಾದುದಕ್ಕೆ ಕಾರಣವುಂಟು. ಕಾರ್ಬನ್ನಿನ ತಂತು ರಸ್ತೆಯ ಕುಲುಕಾಟವನ್ನು ತಾಳಲಾರದೆ ತುಂಡಾಗುತ್ತಿತ್ತು. ಗಾಡಿ ಓಡುತ್ತಿರುವಾಗಲೇ ಬ್ಯಾಟರಿಯನ್ನು ತುಂಬಬಲ್ಲ, ನಂಬಿಕೆಗೆ ಅರ್ಹವಾದ ಡೈನಮೋ ಇರಲಿಲ್ಲ. ಟಂಗ್‌ಸ್ಟನ್ನಿನ ತಂತು ಬಂದು ಒಂದು ಕೊರತೆಯನ್ನು ನೀಗಿಸಿತು; ೧೯೧೨ರ ಕ್ಯಾಡಿಲ್ಯಾಕ್ ಗಾಡಿಗೆ ಚಾರ್ಲ್ಸ್ ಕೆಟರಿಂಗ್ ಎಂಬಾತನು ಅಳವಡಿಸಿದ, ಎಂಜಿನನ್ನು ಎಬ್ಬಿಸುವ, ಕಿಡಿ ಹೊತ್ತಿಸುವ, ದೀಪ ಬೆಳಗುವ ಮೂರು ಕೆಲಸಗಳನ್ನೂ ಒಂದೇ ಏರ್ಪಾಟಿನಲ್ಲಿ ಕೂಡಿಸಿದ ವಿದ್ಯುದ್ವ್ಯವಸ್ಥೆಯು ಇನ್ನೊಂದನ್ನು ನೀಗಿಸಿತು. ಇಂಗ್ಲೆಂಡಿನಲ್ಲಿ ಈ ವಿದ್ಯೆಗೆ ಮನೆಯಾದದ್ದು ಬರ್ಮಿಂಗ್‌ಹ್ಯಾಮ್ ನಗರ. ಅಲ್ಲಿ ಸೀಮೆಎಣ್ಣೆಯನ್ನು ಬೀದಿಬೀದಿ ಮಾರುತ್ತ ಬಾಳುವೆಯನ್ನಾರಂಭಿಸಿದ ಜೋಸೆಫ್ ಲೂಕಸ್ ಹಡಗಿನ ದೀಪ, ಸೈಕಲ್ಲಿನ ದೀಪಗಳನ್ನು ಮಾಡುತ್ತ ಬೆಳೆಸಿದ ಕಾರ್ಖಾನೆಯು ಕಾಲಕ್ರಮದಲ್ಲಿ ಬ್ರಿಟಿಷ್ ಮೋಟಾರುಗಳ ದೀಪ, ಡೈನಮೋ, ಸ್ವಿಚ್ಚುಗಳನ್ನೆಲ್ಲ ಒದಗಿಸತೊಡಗಿತು. ಮಾರಿಸ್ ಆಕ್ಸ್‌ಫರ್ಡ್ ಗಾಡಿಯು ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಎಂಬ ಹೆಸರಿನಿಂದ ಮರುಹುಟ್ಟು ಪಡೆದಾಗ ಈ ಪರಂಪರೆಯೂ ನಮ್ಮ ದೇಶದಲ್ಲಿ ಬೇರೂರಿತು. ೧೯೬೧ರಲ್ಲಿ ಮದರಾಸಿನ ಪಾಡಿಯಲ್ಲಿ ಲೂಕಸ್-ಟಿವಿಎಸ್ ಸ್ಥಾಪನೆಯಾದ ಮೇಲೆ ಆ ಸಾಮಾನುಗಳು ಇಲ್ಲಿಯೇ ತಯಾರಾಗತೊಡಗಿದುವು.

ಈ ಪರಂಪರೆಯ ಮೂಲದಲ್ಲಿ ಒಂದು ಮಿತವ್ಯಯದ ನಿರ್ಧಾರವಿದೆ. ನನ್ನ ದೃಷ್ಟಿಯಲ್ಲಿ ಈ ವೃತ್ತಿಯ ಇತಿಹಾಸವೆಲ್ಲ ಅದರಿಂದಲೇ ಹೊರಟಿತು. ಮನೆಯ ದೀಪಕ್ಕೆ ವಿದ್ಯುತ್ತು ಹೋಗಲೊಂದು, ಮರಳಲೊಂದು, ಹೀಗೆ ಎರಡು ತಂತಿಗಳುಂಟು. ಮೋಟಾರಿನಲ್ಲಿ ಹೋಗುವುದಕ್ಕೆ ಮಾತ್ರ ತಂತಿಯನ್ನೆಳೆದು, ಮರಳುವುದಕ್ಕೆ ಗಾಡಿಯ ಉಕ್ಕಿನ ಒಡಲನ್ನೇ ದಾರಿಯಾಗಿ ಬಿಟ್ಟರು. ತಾಮ್ರವು ಉಳಿಯಿತು, ಕೆಲಸವು ಹಗುರಾಯಿತು. ಆದರೆ ಹೋಗುವ ದಾರಿಗೆ ಬಟ್ಟೆಯ ಹೊದಿಕೆಯೂ ಬಣ್ಣದ ಗುರುತೂ ಇದ್ದರೆ, ಮರಳುದಾರಿಯು ಮಳೆಗೆ, ಕೆಸರಿಗೆ, ತುಕ್ಕಿಗೆ ಮೈಯೊಡ್ಡಿಕೊಂಡು ಅನಾಥವಾಗಿ ಬಿದ್ದಿತು. ಇದಕ್ಕೆ ಗ್ಯಾರೇಜಿನವರು ಇಟ್ಟ ಹೆಸರು ‘ಅರ್ಥು’. ಬ್ರಿಟಿಷರು ಕಿಲುಬು ಕಡಿಮೆಯಾದೀತೆಂಬ ನಂಬಿಕೆಯಿಂದ ೧೯೬೦ರ ದಶಕದ ನಡುಗಾಲದವರೆಗೂ ಬ್ಯಾಟರಿಯ ಧನಧ್ರುವವನ್ನೇ ಒಡಲಿಗೆ ಕಟ್ಟುತ್ತಿದ್ದರು. ಅದನ್ನರಿಯದೆ ಹಳೆಯ ಗಾಡಿಗೆ ಹೊಸ ರೇಡಿಯೋ ಜೋಡಿಸಿ ಸುಟ್ಟುಕೊಂಡವರನ್ನು ನಾನು ಬಲ್ಲೆ.

ಕೆಲವು ವರ್ಷಗಳ ಹಿಂದೆ ನನ್ನ ಮಿತ್ರರೊಬ್ಬರು ತಮ್ಮ ತಂದೆಯ ಕಾಲದ ಕಾರಿಗೆ ಬಹು ಪ್ರೀತಿಯಿಂದ ಹೊಸ ಬಣ್ಣ ಹಾಕಿಸಿದರು. ಅಂದಿನಿಂದ ಬಲಗಡೆಯ ಹಿಂದೀಪವು ಮಂಕಾಗಿ ಉರಿಯತೊಡಗಿತು; ಬ್ರೇಕನ್ನು ಒತ್ತಿದರೆ ಹೆಚ್ಚು ಬೆಳಗುವುದರ ಬದಲು ಆರಿಯೇಹೋಗುತ್ತಿತ್ತು. ಎರಡು ಬಾರಿ ಬಲ್ಬು ಬದಲಾಯಿಸಿದರೂ ಫಲವಾಗದೆ, ಸಂಜೆಯ ಹೊತ್ತಿಗೆ ಜೆ.ಸಿ. ರಸ್ತೆಯ ಹಿಂಬದಿಯ ಓಣಿಯಲ್ಲಿದ್ದ ವೃದ್ಧ ಮೇಸ್ತ್ರಿಯೊಬ್ಬರ ಬಳಿಗೆ ಹೋದೆವು. ಅವರು ಒಮ್ಮೆ ಬ್ರೇಕು ಒತ್ತಿಸಿ ನೋಡಿ, “ಬಲ್ಬು ಆಮೇಲೆ ಸ್ವಾಮಿ, ಮೊದಲು ಅರ್ಥು ನೋಡೋಣ” ಎಂದರು.

ಆ ಮಾತಿನ ಹಿಂದಿದ್ದ ತರ್ಕವು ಅನಂತರ ನನಗೆ ವಿಶದವಾಯಿತು. ಒಂದೇ ಬುರುಡೆಯೊಳಗೆ ಹಿಂದೀಪಕ್ಕೊಂದು, ಬ್ರೇಕಿಗೊಂದು ಹೀಗೆ ಎರಡು ತಂತುಗಳಿದ್ದು, ಎರಡಕ್ಕೂ ಮರಳುದಾರಿಯು ಒಂದೇ. ಅದು ಮುಚ್ಚಿಹೋದಾಗ ಹಿಂದೀಪದ ವಿದ್ಯುತ್ತು ಬ್ರೇಕಿನ ತಂತುವಿನೊಳಗೆ ಹಿಮ್ಮುಖವಾಗಿ ನುಸುಳಿ, ಅದರ ತಂತಿಯಲ್ಲಿಯೇ ಸಾಗಿ, ಎಡಗಡೆಯ ಬ್ರೇಕ್ ದೀಪದ ಮೂಲಕ ಒಡಲನ್ನು ಸೇರಿಕೊಳ್ಳುತ್ತದೆ. ಆದುದರಿಂದಲೇ ಆ ಮಂಕುತನ. ಬ್ರೇಕನ್ನು ಒತ್ತಿದೊಡನೆ ಆ ಕಳ್ಳದಾರಿಗೂ ಎದುರಿನಿಂದ ಸಮಬಲದ ಒತ್ತಡ ಬಂದು, ಹರಿವು ನಿಂತು, ದೀಪವಾರುತ್ತದೆ. ದಾರಿಯು ಪೂರ್ಣವಾಗಿ ಮುಚ್ಚದೆ ತುಕ್ಕಿನಿಂದ ಇಕ್ಕಟ್ಟಾದರೂ ಸಾಕು, ನಷ್ಟ ಸಣ್ಣದಲ್ಲ: ವೋಲ್ಟೇಜು ಹತ್ತರಲ್ಲೊಂದು ಪಾಲು ಇಳಿದರೆ ಬೆಳಕು ಸುಮಾರು ಮೂರರಲ್ಲೊಂದು ಪಾಲು ಇಳಿದುಹೋಗುತ್ತದೆ.

ಹೋಗುವ ದಾರಿಯ ಶೋಧನೆಗೆ ಲೂಕಸರ ಬಣ್ಣಗಳೇ ಮಾರ್ಗದರ್ಶಕ: ಬ್ಯಾಟರಿಯಿಂದ ನೇರ ಬರುವುದು ಕಂದು, ಮುಂದೀಪದ್ದು ನೀಲಿ, ಹಿಂದೀಪದ್ದು ಕೆಂಪು, ಒಡಲಿಗೆ ಸೇರುವುದು ಕಪ್ಪು. ಮೇಸ್ತ್ರಿಗಳು ಈ ವರ್ಣಮಾಲೆಯನ್ನು ಪುಸ್ತಕದಿಂದಲ್ಲ, ಕೈಯಿಂದ ಕಲಿತವರು. ಅವರ ಮುಖ್ಯ ಉಪಕರಣವೆಂದರೆ ಎರಡು ತಂತಿ ಬೆಸೆದ ಒಂದು ಹನ್ನೆರಡು ವೋಲ್ಟಿನ ಬಲ್ಬು, ಅಂದರೆ ಟೆಸ್ಟ್ ಲ್ಯಾಂಪು. ಫ್ಯೂಸು ಮೇಲಿಂದ ಮೇಲೆ ಹೋಗುತ್ತಿದ್ದರೆ, ಆ ಸಾಲಿನ ದೀಪಗಳನ್ನೆಲ್ಲ ಬಿಚ್ಚಿಟ್ಟು ಫ್ಯೂಸಿನ ಸ್ಥಾನದಲ್ಲಿ ಇದನ್ನೇ ಸಿಕ್ಕಿಸುವುದುಂಟು. ಶಾರ್ಟ್ ಇರುವವರೆಗೆ ಅದು ಉರಿಯುತ್ತಿರುತ್ತದೆ. ತಂತಿಗಳ ಕಟ್ಟನ್ನು ಗೇಣುಗೇಣಾಗಿ ಅಲುಗಿಸುತ್ತ ಹೋದಾಗ ಎಲ್ಲಿ ಬಲ್ಬು ಆರುವುದೋ ಅಲ್ಲಿ ತಗಡಿನ ಅಂಚಿಗೆ ಉಜ್ಜಿ ಸಿಪ್ಪೆ ಕಳೆದುಕೊಂಡ ತಂತಿಯು ಸಿಕ್ಕುತ್ತದೆ. ಇಷ್ಟು ಸರಳವೂ ಇಷ್ಟು ಸತ್ಯನಿಷ್ಠವೂ ಆದ ಪರೀಕ್ಷೆಯನ್ನು ನಾನು ಬೇರೆ ಕಡೆ ಕಂಡಿಲ್ಲ. ಇಂದಿನ ಗಾಡಿಗಳ ದೋಷವನ್ನು ಯಂತ್ರವೇ ಓದಿ ಹೇಳುತ್ತದೆ. ಇಂತಹ ಕೈಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವುದು ನನಗೆ ನಿಜವಾಗಿಯೂ ವ್ಯಸನದ ಸಂಗತಿ.

ಆ ಸಂಜೆ ಮೇಸ್ತ್ರಿಗಳು ತಂತಿಯೊಂದರ ಒಂದು ತುದಿಯನ್ನು ಬ್ಯಾಟರಿಯ ಅರ್ಥಿಗೆ ಕಚ್ಚಿಸಿ, ಇನ್ನೊಂದನ್ನು ಹಿಂದೀಪದ ಲೋಹಕ್ಕೆ ಮುಟ್ಟಿಸಿದರು. ದೀಪವು ಧಗ್ಗನೆ ಬೆಳಗಿತು. ತಂತಿಯನ್ನು ತೆಗೆದರು; ಮಂಕಾಯಿತು. ಅನಂತರ ನಟ್ಟುಗಳನ್ನು ಬಿಚ್ಚಿ ದೀಪವನ್ನು ಕಳಚಿದಾಗ, ಅದು ಒಡಲಿಗೆ ಕೂರುವ ಜಾಗದಲ್ಲಿಯೂ ಬೋಲ್ಟಿನ ಸುತ್ತಲೂ ನುಣ್ಣಗೆ, ದಟ್ಟವಾಗಿ, ಒಂದಿಷ್ಟೂ ಲೋಪವಿಲ್ಲದಂತೆ ಹೊಸ ಬಣ್ಣವು ಹಬ್ಬಿತ್ತು. ಮಿತ್ರರು ಪ್ರೀತಿಯಿಂದ ಹಾಕಿಸಿದ ಬಣ್ಣವೇ ಅದು. ಮೇಸ್ತ್ರಿಗಳು ಉಪ್ಪುಕಾಗದವನ್ನು ಮಡಿಚಿ, ಎಂಟಾಣೆಯ ಬಿಲ್ಲೆಯಷ್ಟಗಲಕ್ಕೆ ಮಾತ್ರ ಬಣ್ಣವನ್ನು ಕೆರೆದು, ಉಕ್ಕು ಬಿಳುಪಾಗಿ ಹೊಳೆದ ಮೇಲೆ ಬೆರಳಿನಿಂದ ಚೂರು ಗ್ರೀಸು ಸವರಿ ದೀಪವನ್ನು ಮತ್ತೆ ಕೂರಿಸಿದರು. ಅಷ್ಟರಲ್ಲಿ ಕತ್ತಲಾಗಿತ್ತು. ಮಿತ್ರರು ಒಳಗೆ ಕುಳಿತು ಬ್ರೇಕನ್ನು ಒತ್ತಿದರು; ಓಣಿಯ ಗೋಡೆಯ ಮೇಲೆ ಎಡಕ್ಕೊಂದು ಬಲಕ್ಕೊಂದು ಕೆಂಪು ಬೆಳಕು ಸಮನಾಗಿ ಬಿದ್ದಿತು.