ಪುಸ್ತಕದ ಬೆನ್ನಿನ ಅಂಕಿ

ಗ್ರಂಥಾಲಯಕ್ಕೆ ಮೊದಲ ಸಲ ಬಂದ ಮಗು ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿಯನ್ನು ನೋಡಿ ಅದನ್ನು ಬೆಲೆಯೆಂದು ತಿಳಿಯುವುದುಂಟು. ಅದು ಬೆಲೆಯಲ್ಲ, ಪುಸ್ತಕದ ವಿಳಾಸವೆಂದು ಹೇಳಿಕೊಡುವ ಕೆಲಸ ಅಲ್ಪವಾಗಿ ಕಂಡರೂ, ಅದರ ಹಿಂದೆ ಒಂದು ಇತಿಹಾಸವಿದೆ.

ನನ್ನ ಬಾಲ್ಯದಲ್ಲಿ ನಾನು ಕಂಡ ಪುಸ್ತಕಭಂಡಾರದಲ್ಲಿ ಬೀರುವಿಗೆ ಬೀಗವಿತ್ತು. ಚೀಟಿಯ ಮೇಲೆ ಬೀರುವಿನ ಸಂಖ್ಯೆ, ಅರೆಯ ಸಂಖ್ಯೆ, ಪುಸ್ತಕದ ಕ್ರಮಸಂಖ್ಯೆ ಇವಿಷ್ಟೇ ಇದ್ದವು. ಹಕ್ಕಿಗಳ ಮೇಲೆ ಹೊಸ ಪುಸ್ತಕವೊಂದು ಬಂದರೆ ಅದು ಕೊನೆಯ ಬೀರುವಿಗೆ ಹೋಗುವುದು. ಹಳೆಯ ಪುಸ್ತಕ ಮೊದಲನೆಯದರಲ್ಲಿ ಉಳಿಯುವುದು. ಇಂತಹ ಅಂಕಿಯನ್ನು ಮಗುವಿಗೆ ಕಲಿಸುವ ಅಗತ್ಯವೇ ಇರಲಿಲ್ಲ. ಪುಸ್ತಕವನ್ನು ತೆಗೆದುಕೊಡುವವನು ಬೇರೆ, ಕೈಚಾಚಿ ನಿಲ್ಲುವವನು ಬೇರೆ.

ಅಂಕಿಯನ್ನು ಬೀರುವಿನಿಂದ ಬಿಡಿಸಿ ವಿಷಯಕ್ಕೆ ಕಟ್ಟಿದ ಕೀರ್ತಿ ಬಹುಮಟ್ಟಿಗೆ ಅಮೆರಿಕದ ಮೆಲ್ವಿಲ್ ಡ್ಯೂಯಿಯದು. ಅವನ ದಶಮಾಂಶ ವರ್ಗೀಕರಣವು 1876ರಲ್ಲಿ, ಕರ್ತೃವಿನ ಹೆಸರನ್ನು ಮುಖಪುಟದಲ್ಲಿ ಕಾಣಿಸದ 44 ಪುಟಗಳ ಪುಸ್ತಿಕೆಯಾಗಿ ಹೊರಬಂದಿತು. ಜ್ಞಾನವನ್ನೆಲ್ಲ ಹತ್ತು ಭಾಗ ಮಾಡಿ, ಒಂದೊಂದನ್ನೂ ಮತ್ತೆ ಹತ್ತಾಗಿ ಒಡೆಯುವುದು ಅದರ ಕ್ರಮ. 500 ವಿಜ್ಞಾನ, 590 ಪ್ರಾಣಿಗಳು, 598 ಪಕ್ಷಿಗಳು. ಕಟ್ಟಡ ಬದಲಾಗಲಿ, ಬೀರು ಹೆಚ್ಚಲಿ, ಹಕ್ಕಿ ಹಕ್ಕಿಯ ಪಕ್ಕದಲ್ಲಿಯೇ ನಿಲ್ಲುತ್ತದೆ. ಮಕ್ಕಳು ಇಷ್ಟನ್ನು ಬೇಗ ಗ್ರಹಿಸುತ್ತಾರೆ. ಅವರು ಎಡವುವುದು ಬಿಂದುವಿನಾಚೆಗೆ. 598.15 ಮತ್ತು 598.2 ಎಂಬ ಎರಡು ಪುಸ್ತಕಗಳನ್ನು ಕೊಟ್ಟರೆ, ಎರಡಕ್ಕಿಂತ ಹದಿನೈದು ದೊಡ್ಡದೆಂಬ ನ್ಯಾಯದಿಂದ 598.2ನ್ನು ಮೊದಲಿಡುತ್ತಾರೆ. ದಶಮಾಂಶವನ್ನು ಶಾಲೆಯಲ್ಲಿ ಇನ್ನೂ ಕಲಿಯದ ಮಗುವಿಗೆ ಬಿಂದುವಿನ ಬಳಿಕ ಒಂದೊಂದೇ ಅಂಕಿಯನ್ನು ಅಕ್ಷರದಂತೆ ಹೋಲಿಸಿ ನೋಡಲು ಹೇಳಿದರೆ ಸಾಕು.

ನಮ್ಮ ದೇಶದಲ್ಲಿ ಈ ವಿದ್ಯೆಗೆ ಬೇರೂರಿದ ನೆಲ ಬಡೋದೆ. ಮಹಾರಾಜ ಮೂರನೆಯ ಸಯಾಜಿರಾವ್ ಗಾಯಕವಾಡರು 1906ರಲ್ಲಿ ರಾಜ್ಯದಾದ್ಯಂತ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯಗೊಳಿಸಿದ್ದರು. ಓದಲು ಕಲಿತವರಿಗೆ ಓದಲು ಪುಸ್ತಕ ಬೇಡವೆ? 1910ರಲ್ಲಿ ಅವರು ಅಮೆರಿಕದಿಂದ ವಿಲಿಯಂ ಬೋರ್ಡನ್ ಎಂಬ ಗ್ರಂಥಪಾಲನನ್ನು ಕರೆಸಿಕೊಂಡರು. ಬೋರ್ಡನ್ ಮೂರು ವರ್ಷಗಳಲ್ಲಿ ಗ್ರಂಥಪಾಲರಿಗೆ ತರಗತಿ ನಡೆಸಿದನು, ಹಳ್ಳಿಗಳಿಗೆ ಪೆಟ್ಟಿಗೆಗಳಲ್ಲಿ ಪುಸ್ತಕ ಕಳುಹಿಸುವ ಏರ್ಪಾಡನ್ನು ಬೆಳೆಸಿದನು, ಡ್ಯೂಯಿಯ ಅಂಕಿಗಳೊಡನೆ ಕಟರನ ಅಕ್ಷರಗಳನ್ನು ಬೆರೆಸಿ ಬಡೋದೆಗೆಂದೇ ಒಂದು ವರ್ಗೀಕರಣವನ್ನು ರಚಿಸಿದನು. ಹೊರಗಿನಿಂದ ಬಂದವನೂ ಸಿದ್ಧವಸ್ತುವನ್ನು ಹಾಗೆಯೇ ಹೇರಲಿಲ್ಲವೆಂಬುದನ್ನು ಗಮನಿಸಬೇಕು.

ಮದರಾಸಿನ ಕತೆ ಇನ್ನೂ ಸ್ವಾರಸ್ಯವಾದುದು. ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಅಧ್ಯಾಪಕರು. 1917ರಲ್ಲಿ ನಮ್ಮ ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಪಾಠ ಹೇಳಿದವರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಗ್ರಂಥಪಾಲರಾಗಿ, ವ್ಯಾಸಂಗಕ್ಕೆ ಲಂಡನ್ನಿಗೆ ಹೋದರು. ಅಲ್ಲಿನ ಸೆಲ್ಫ್ರಿಜಸ್ ಅಂಗಡಿಯಲ್ಲಿ ಮಕ್ಕಳ ಮೆಕ್ಯಾನೋ ಆಟಿಕೆಯನ್ನು ಕಂಡರು. ಅವೇ ಪಟ್ಟಿ, ಅವೇ ಸಲಾಕೆ, ಅವೇ ತಿರುಪು; ಆದರೆ ಜೋಡಣೆ ಬದಲಾದಂತೆ ಬೇರೆ ಬೇರೆ ವಸ್ತು. ಪ್ರತಿಯೊಂದು ವಿಷಯಕ್ಕೂ ಮೊದಲೇ ಸಂಖ್ಯೆ ಕೊಟ್ಟಿಡುವ ಬದಲು, ವಿಷಯದ ಬಿಡಿಭಾಗಗಳಿಗೆ ಸಂಖ್ಯೆ ಕೊಟ್ಟು ದ್ವಿಬಿಂದುವಿನ ತಿರುಪಿನಿಂದ ಬಿಗಿದರೆ ಹೇಗೆ? 1933ರಲ್ಲಿ ಪ್ರಕಟವಾದ ಕೋಲನ್ ವರ್ಗೀಕರಣದ ಬೀಜ ಅದು. ಬೆಂಗಳೂರಿನಲ್ಲಿ ನೆಲಸಿದ ಮೇಲೆ 1962ರಲ್ಲಿ ಅವರು ಅಲ್ಲಿ ಪ್ರಲೇಖನ ಸಂಶೋಧನೆಯ ಕೇಂದ್ರವನ್ನು ಸ್ಥಾಪಿಸಿದರು. 1972ರಲ್ಲಿ ಅಲ್ಲಿಯೇ ತೀರಿಕೊಂಡರು. ಆದರೂ ಮಕ್ಕಳ ಕಪಾಟಿಗೆ ಅವರ ಪದ್ಧತಿ ತುಸು ಭಾರವೆಂದೇ ನನ್ನ ಅಭಿಪ್ರಾಯ. ಮಕ್ಕಳ ಆಟಿಕೆಯಿಂದ ಹುಟ್ಟಿದುದು ಮಕ್ಕಳಿಗೆ ಸುಲಭವಾಗಬೇಕೆಂಬ ನಿಯಮವಿಲ್ಲ.

ಇನ್ನು ಮುಂಬಯಿಯಲ್ಲಿರುವ ನಮ್ಮ ಕನ್ನಡ ಮಕ್ಕಳ ಮಾತು. ಡ್ಯೂಯಿಯ ಪಟ್ಟಿಯಲ್ಲಿ ಇಂಗ್ಲಿಷ್ ಸಾಹಿತ್ಯಕ್ಕೆ 820 ಎಂಬ ಮೂರೇ ಅಂಕಿ, ಮರಾಠಿಗೆ 891.46, ಕನ್ನಡಕ್ಕೆ 894.814. ಭಾಷಾವರ್ಗದಲ್ಲಿ ಮರಾಠಿ ಸಂಸ್ಕೃತದ ನೆರೆಯಲ್ಲಿ 491ರಲ್ಲಿದ್ದರೆ, ಕನ್ನಡವು ತುರ್ಕಿ, ಹಂಗೇರಿ, ಫಿನ್‌ಲೆಂಡುಗಳ ಭಾಷೆಗಳೊಡನೆ 494ರಲ್ಲಿ ನಿಂತಿದೆ. ದೊಡ್ಡ ಗ್ರಂಥಾಲಯದಲ್ಲಿ ತನ್ನ ಮನೆಮಾತಿನ ಪುಸ್ತಕವನ್ನು ಹುಡುಕುವ ಮಗು ಈ ದೂರವನ್ನು ನಡೆದೇ ತೀರಬೇಕು. ಅಂಕಿ ತಿಳಿಯದಿದ್ದರೆ ಇಲ್ಲಿ ಕನ್ನಡವೇ ಇಲ್ಲವೆಂದು ಹಿಂದಿರುಗುತ್ತದೆ. ಸಂಘದ ಪುಸ್ತಕಭಂಡಾರದಲ್ಲಿಯೋ ತೊಡಕು ವಿಪರೀತವಾದುದು. ಅಲ್ಲಿ ಹೆಚ್ಚಿನ ಪುಸ್ತಕಗಳೆಲ್ಲ 894.814 ಆಗುವುದರಿಂದ ಅಂಕಿ ಏನನ್ನೂ ಬೇರ್ಪಡಿಸದು.

ಆದುದರಿಂದ ಕತೆ ಕವಿತೆಗಳಿಗೆ ಲೇಖಕರ ಹೆಸರಿನ ಮೊದಲಕ್ಷರವನ್ನು ಕನ್ನಡದಲ್ಲಿಯೇ ಬರೆದಂಟಿಸುವುದು ಲೇಸು. ಆಗ ಚೀಟಿ ಓದುವುದೂ ಕಾಗುಣಿತ ಕಲಿಯುವುದೂ ಒಂದೇ ಆಗುತ್ತದೆ. ಇದರಲ್ಲಿಯೂ ಪ್ರಶ್ನೆಗಳಿಲ್ಲದಿಲ್ಲ. 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಕುವೆಂಪು ಎಂದು 'ಕು'ವಿನಲ್ಲಿ ಇಡೋಣವೋ, ಪುಟ್ಟಪ್ಪ ಎಂದು 'ಪು'ವಿನಲ್ಲಿಯೋ? ಮಾಸ್ತಿಯವರಿಗಂತೂ 'ಮಾ', 'ವೆಂ', 'ಶ್ರೀ' ಎಂದು ಮೂರು ಮನೆ. ಒಂದು ಊರಿನ ಹೆಸರು, ಒಂದು ತಮ್ಮದು, ಒಂದು ಕಾವ್ಯನಾಮ. ಮಗು ಯಾವ ಹೆಸರಿನಿಂದ ಕೇಳುವುದೋ ಅದನ್ನೇ ಹಿಡಿಯಬೇಕು. ಉಳಿದ ಹೆಸರುಗಳ ಸ್ಥಾನದಲ್ಲಿ ದಾರಿ ತೋರುವ ಹಲಗೆಯೊಂದನ್ನು ನಿಲ್ಲಿಸಬಹುದು. ಮತ್ತೆ ಅನುಸ್ವಾರದ ಜಗಳವಿದೆ. ಕಾಗುಣಿತದಲ್ಲಿ 'ಕೌ' ಆದ ಮೇಲೆ 'ಕಂ' ಬರುತ್ತದೆ. ಅನುಸ್ವಾರವನ್ನು ಮೊದಲೇ ಇಡುವ ನಿಘಂಟುಗಳೂ ಉಂಟು. ಪಂಡಿತರು ತಮ್ಮ ವಾದವನ್ನು ಮುಂದುವರಿಸಲಿ. ಮಕ್ಕಳ ಕಪಾಟಿನಲ್ಲಿ ಅವರು ಬಾಯಿಪಾಠ ಮಾಡಿದ ಕ್ರಮವೇ ಇರಲಿ. ಆ ಕಪಾಟಿಗೆ ಬೀಗ ಬೇಡ. ಕೊನೆಯ ಅರೆಯೂ ಎಂಟು ವರ್ಷದ ಮಗುವಿನ ಕೈಗೆ ಎಟಕುವಷ್ಟೇ ಎತ್ತರದಲ್ಲಿರಲಿ.