ಥೈರ, ಮಹಾಲಕ: ಸೆರೆಯಲ್ಲಿ ವೃದ್ಧಾಪ್ಯ

ಅಶೋಕನು ಪಟ್ಟಾಭಿಷಿಕ್ತನಾಗಿ 13 ವರ್ಷಗಳಾದ ಬಳಿಕ ಧರ್ಮಮಹಾಮಾತ್ರರೆಂಬ ಅಧಿಕಾರಿಗಳನ್ನು ನೇಮಿಸಿದ ಸಂಗತಿ ಅವನ ಐದನೆಯ ಪ್ರಧಾನ ಶಿಲಾಶಾಸನದಿಂದ ತಿಳಿಯುತ್ತದೆ. ಅವರ ಕರ್ತವ್ಯಗಳಲ್ಲಿ ಸೆರೆಯಾಳುಗಳ ಯೋಗಕ್ಷೇಮವೂ ಒಂದು: ಬಂಧನದಲ್ಲಿರುವವರಿಗೆ ನೆರವಾಗುವುದು, ಅವರ ತೊಡಕುಗಳನ್ನು ನೀಗುವುದು, ತಕ್ಕವರನ್ನು ಬಿಡಿಸುವುದು. ತಕ್ಕವರೆಂದರೆ ಸಂತಾನದ ಹೊರೆಯುಳ್ಳವರು, 'ಕತಾಭೀಕಾರ'ರು, ವೃದ್ಧರು. ನಡುವಣ ಪದದ ಅರ್ಥದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ, ಕೊನೆಯದರಲ್ಲಿ ಸಂದೇಹವಿಲ್ಲ. ಕಾಲ್ಸಿ, ಧೌಲಿಗಳ ಪಾಠದಲ್ಲಿ ಅದು 'ಮಹಾಲಕ', ಗಿರ್ನಾರಿನ ಪಾಠದಲ್ಲಿ 'ಥೈರ'. 'ಥೈರ'ವೆಂದರೆ ಸಂಸ್ಕೃತದ ಸ್ಥವಿರ. ಜೈನ, ಬೌದ್ಧ ಸಂಘಗಳಲ್ಲಿ ಹಿರಿಯ ಮುನಿಗಳಿಗೆ ಸಲ್ಲುವ ಮಾತು. ಸೆರೆಮನೆಯ ಮುದುಕನಿಗೂ ಗಿರ್ನಾರಿನಲ್ಲಿ ಅದೇ ಮಾತು ಸಂದಿದೆ. (ಅದರಲ್ಲಿ ಗೌರವದ ಧ್ವನಿಯನ್ನು ಹುಡುಕಬೇಕಾಗಿಲ್ಲ, ಆ ಸೀಮೆಯ ಆಡುನುಡಿಯಲ್ಲಿ ಅದು ಸಾಮಾನ್ಯ ಪದವೇ ಆಗಿದ್ದೀತು.) ಮುಖ್ಯವಾದುದು ಬೇರೆ: ಇಲ್ಲಿ ಮುಪ್ಪೇ ಬಿಡುಗಡೆಗೆ ಸಾಕಾದ ಕಾರಣ.

ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೈಸೂರಿನಿಂದ ಪ್ರಕಟಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ'ವೂ ಇದೇ ನಿಲುವಿನದು. ರಾಜನ ಜನ್ಮನಕ್ಷತ್ರದಂದು ಹಾಗೂ ಹುಣ್ಣಿಮೆಗಳಂದು ಬಾಲರು, ವೃದ್ಧರು, ರೋಗಿಗಳು, ಅನಾಥರು ಸೆರೆಯಿಂದ ಬಿಡುಗಡೆ ಹೊಂದಬೇಕೆನ್ನುತ್ತದೆ. ಹಾಗೆಂದು ಇದನ್ನು ಕರುಣೆಯ ಗ್ರಂಥವೆನ್ನಲಾಗದು. ಹದಿನೆಂಟು ಬಗೆಯ ಯಾತನೆಗಳನ್ನು ಲೆಕ್ಕಹಾಕಿ ಹೇಳುವ ಗ್ರಂಥವಿದು. ಆದರೆ ಆ ಯಾತನೆಗಳಿಗೂ ವೃದ್ಧರನ್ನು ಗುರಿಪಡಿಸಬಾರದೆಂದು ಅದೇ ವಿಧಿಸುತ್ತದೆ. ಬಂದಿಯ ನಿದ್ರೆ, ಆಸನ, ಊಟ, ಮಲವಿಸರ್ಜನೆ, ಓಡಾಟಗಳಿಗೆ ಅಡ್ಡಿಮಾಡಿದ ಅಧಿಕಾರಿಗೆ ಮೂರು ಪಣಗಳಿಂದ ಮೊದಲ್ಗೊಂಡು ಏರುವ ದಂಡವನ್ನೂ ಹೇಳುತ್ತದೆ. ಇವೆಲ್ಲ ಎಷ್ಟರಮಟ್ಟಿಗೆ ಆಚರಣೆಯಲ್ಲಿದ್ದವೆಂಬುದು ಬೇರೆಯೇ ಪ್ರಶ್ನೆ. ಆದರೂ ಈ ಪಟ್ಟಿ ಸಾಮಾನ್ಯವಾದುದಲ್ಲ. ಸೆರೆವಾಸ ಮುದಿದೇಹವನ್ನು ಸವೆಸುವುದು ಈ ಐದರ ಮೂಲಕವೇ. ತರುಣನಿಗೆ ಬರಿನೆಲದ ಮಲಗು ಅಸೌಖ್ಯ ಮಾತ್ರ. ಎಂಬತ್ತರವನಿಗೆ ಅಲ್ಲಿಂದ ಏಳುವುದೇ ದೊಡ್ಡ ಕೆಲಸ. ಕುಕ್ಕರುಗಾಲಿನಲ್ಲಿ ಕೂರಬೇಕಾದ ಶೌಚ, ನೆರವಿಲ್ಲದ ಸ್ನಾನ, ಕೈ ನಡುಗುವಾಗಿನ ಊಟ ಯಾವ ನ್ಯಾಯಾಧೀಶನೂ ವಿಧಿಸದ ಶಿಕ್ಷೆಗಳು. ತೀರ್ಪಿನಲ್ಲಿ ಬರೆದ ಅವಧಿ ಇಬ್ಬರಿಗೂ ಒಂದೇ, ಶಿಕ್ಷೆ ಒಂದೇ ಅಲ್ಲ.

ತೀರ್ಪೇ ಬಾರದೆ ಸೆರೆಯಲ್ಲಿರುವವರ ಪಾಡು ಇನ್ನೂ ಕಠಿಣ. ಜೆಸ್ಯುಯಿಟ್ ಪಾದ್ರಿ ಸ್ಟ್ಯಾನ್ ಸ್ವಾಮಿ 2020ರ ಅಕ್ಟೋಬರಿನಲ್ಲಿ ರಾಂಚಿಯಲ್ಲಿ ಬಂಧಿತರಾದಾಗ ಅವರಿಗೆ 83 ವರ್ಷ. ಪಾರ್ಕಿನ್ಸನ್ ಕಾಯಿಲೆ ಬೇರೆ. ಅವರ ಮೇಲಿನ ಆರೋಪಗಳ ಸತ್ಯಾಸತ್ಯತೆ ಇಲ್ಲಿನ ವಿಷಯವಲ್ಲ, ಅವು ವಿಚಾರಣೆಗೆ ಬರಲೇ ಇಲ್ಲ. ನಡುಗುವ ಕೈಯಲ್ಲಿ ಲೋಟ ಹಿಡಿಯಲಾಗದೆ ಕುಡಿಯುವ ಕೊಳವೆಗಾಗಿ ಅವರು ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಬೇಕಾಯಿತು. ಆ ಅರ್ಜಿಗೆ ವಾರಗಳೇ ಹಿಡಿದವು. 2021ರ ಮೇ ತಿಂಗಳಲ್ಲಿ ಅವರು ತಳೋಜಾ ಕಾರಾಗೃಹದಿಂದ ಮುಂಬಯಿ ಉಚ್ಚ ನ್ಯಾಯಾಲಯಕ್ಕೆ ವಿಡಿಯೋ ಮೂಲಕ ತಿಳಿಸಿದ್ದೂ ಬಹುಮಟ್ಟಿಗೆ ಕೌಟಿಲ್ಯನ ಪಟ್ಟಿಯನ್ನೇ: ಬಂದಾಗ ತಾವೇ ಉಣ್ಣಬಲ್ಲವರಾಗಿದ್ದರು, ನಡೆಯಬಲ್ಲವರಾಗಿದ್ದರು, ಸ್ನಾನ ಮಾಡಬಲ್ಲವರಾಗಿದ್ದರು; ಈಗ ಒಂದೊಂದಾಗಿ ಎಲ್ಲವೂ ಕೈಬಿಡುತ್ತಿವೆ. ಯುಎಪಿಎ ಕಾಯಿದೆಯಡಿ ಆರೋಪ ಮೇಲ್ನೋಟಕ್ಕೆ ನಿಜವೆನಿಸಿದರೆ ಜಾಮೀನಿಲ್ಲ. ವಯಸ್ಸಿನ ಲೆಕ್ಕಕ್ಕೆ ಅಲ್ಲಿ ಪ್ರತ್ಯೇಕ ಸ್ಥಾನವಿಲ್ಲ. ಅಶೋಕನ ಮಹಾಮಾತ್ರರು ಕೇಳಬಹುದಾಗಿದ್ದ ಮೊದಲ ಪ್ರಶ್ನೆ ಈ ಕಾಯಿದೆಯಲ್ಲಿ ಕೊನೆಗೂ ಬರುವುದಿಲ್ಲ. ಮೇ ಕೊನೆಯಲ್ಲಿ ನ್ಯಾಯಾಲಯ ಅವರನ್ನು ಆಸ್ಪತ್ರೆಗೆ ಸೇರಿಸಲು ಆದೇಶಿಸಿತು. ಜುಲೈ 5ರಂದು ಜಾಮೀನು ಅರ್ಜಿ ವಿಚಾರಣೆಗೆ ಬಂದಾಗ, ಅವರು ಆ ದಿನವೇ ತೀರಿಕೊಂಡರೆಂದು ವೈದ್ಯರು ಪೀಠಕ್ಕೆ ತಿಳಿಸಿದರು.